ಪದವಿ ಇಳಿದ ಮೇಲೆ ಉಳಿಯುವುದೇನು? — ಮಾಜಿ ರಾಷ್ಟ್ರಮುಖ್ಯರ ವಿಶ್ರಾಂತಿವೇತನ ಮತ್ತು ಶ್ರಾವಕಧರ್ಮ

ಅಧಿಕಾರವನ್ನು ಹೇಗೆ ಪಡೆಯಬೇಕು, ಹೇಗೆ ನಡೆಸಬೇಕು ಎಂಬುದನ್ನು ಕುರಿತು ನೀತಿಗ್ರಂಥಗಳು ವಿಸ್ತಾರವಾಗಿ ಹೇಳಿವೆ. ಅದನ್ನು ಹೇಗೆ ಬಿಡಬೇಕು ಎಂಬುದನ್ನು ಜಿನಾಗಮದಷ್ಟು ಆಳವಾಗಿ ವಿಚಾರ ಮಾಡಿದ ಪರಂಪರೆಗಳು ವಿರಳ. ನಮ್ಮ ಪುರಾಣಪುರುಷರಲ್ಲಿ ಬಹುಮಂದಿ ಮೊದಲು ರಾಜರು, ಆಮೇಲೆ ಮುನಿಗಳು. ಸಿಂಹಾಸನದಿಂದ ಇಳಿಯುವ ಗಳಿಗೆಯೇ ಅವರ ಕಥೆಯ ಮುಖ್ಯ ಗಳಿಗೆ. ಆದ್ದರಿಂದ ರಾಷ್ಟ್ರದ ಉನ್ನತ ಪದವಿಯಿಂದ ನಿವೃತ್ತರಾದವರಿಗೆ ಪ್ರಜೆಗಳ ಬೊಕ್ಕಸದಿಂದ ಜೀವಮಾನಪೂರ್ತಿ ವೇತನ, ಮನೆ, ವಾಹನ, ಸಿಬ್ಬಂದಿ ಇವುಗಳನ್ನು ಕೊಡುವುದು ಎಷ್ಟರಮಟ್ಟಿಗೆ ನ್ಯಾಯ ಎಂಬ ಪ್ರಶ್ನೆಯನ್ನು ಕೇವಲ ರಾಜಕೀಯದವರಿಗೆ ಬಿಟ್ಟುಬಿಡುವುದು ಸರಿಯಲ್ಲ. ದಾನ, ಪರಿಗ್ರಹ, ಸತ್ಯ, ಅಚೌರ್ಯ ಈ ನಾಲ್ಕರ ಗಡಿಗಳೂ ಕೂಡುವ ಸ್ಥಳದಲ್ಲಿ ಈ ಪ್ರಶ್ನೆ ನಿಂತಿದೆ. ದೇವಸ್ಥಾನಗಳ ದ್ರವ್ಯವನ್ನು ನಿರ್ವಹಿಸುವ ನಮ್ಮ ಟ್ರಸ್ಟುಗಳಿಗೂ ಇದು ದೂರದ ಪ್ರಶ್ನೆಯಲ್ಲ.

ಕಾಗಿಣಾ ತೀರದ ಪಾಠ

ಈ ವಿಚಾರಕ್ಕೆ ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸೀಮೆಗಿಂತ ತಕ್ಕ ನೆಲ ಬೇರೊಂದಿಲ್ಲ. ಸೇಡಂ ತಾಲೂಕಿನ ಮಳಖೇಡವೇ ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಕಾಗಿಣಾ ನದಿಯ ದಡದಲ್ಲಿ ಕೋಟೆಯ ಅವಶೇಷವೂ ನೇಮಿನಾಥ ಬಸದಿಯೂ ಇಂದಿಗೂ ಇವೆ. ಒಂಬತ್ತನೆಯ ಶತಮಾನದಲ್ಲಿ ಇಲ್ಲಿ ಆರು ದಶಕಗಳಿಗೂ ಮಿಕ್ಕಿ ಆಳಿದ ಅಮೋಘವರ್ಷ ನೃಪತುಂಗನು ಜಿನಸೇನಾಚಾರ್ಯರ ಭಕ್ತನಾಗಿದ್ದನೆಂದು ಗುಣಭದ್ರಾಚಾರ್ಯರು ತಿಳಿಸುತ್ತಾರೆ. ಗಣಿತಸಾರಸಂಗ್ರಹದ ಮಹಾವೀರಾಚಾರ್ಯರು ಅವನನ್ನು ಹಾಡಿ ಹೊಗಳಿದ್ದಾರೆ. ಪ್ರಶ್ನೋತ್ತರ ರತ್ನಮಾಲಿಕೆ ಎಂಬ ಕಿರುಕೃತಿಯ ಕೆಲವು ಪಾಠಗಳ ಕೊನೆಯಲ್ಲಿ, ವಿವೇಕದಿಂದ ರಾಜ್ಯವನ್ನು ತ್ಯಜಿಸಿದ ಅಮೋಘವರ್ಷನು ಇದನ್ನು ರಚಿಸಿದನೆಂಬ ಮಾತಿದೆ. ಆ ಕೃತಿಯ ಕರ್ತೃತ್ವದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ, ರಾಜ್ಯವನ್ನು ಬಿಟ್ಟ ರಾಜನೆಂಬ ಅವನ ನೆನಪು ಗಟ್ಟಿಯಾಗಿ ಉಳಿದಿದೆ. 871ರ ಸಂಜಾನ್ ತಾಮ್ರಶಾಸನವು, ಲೋಕಕ್ಕೆ ಬಂದ ಉಪದ್ರವದ ನಿವಾರಣೆಗಾಗಿ ಅವನು ತನ್ನ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಹೇಳುತ್ತದೆ. ಪ್ರಜೆಗಳಿಂದ ತಾನೇನು ಪಡೆಯಬಹುದು ಎಂದು ಕೇಳದೆ, ಪ್ರಜೆಗಳಿಗಾಗಿ ತಾನೇನು ಬಿಡಬಹುದು ಎಂದು ಕೇಳಿದ ರಾಜನ ಚಿತ್ರವಿದು.

ಅವನ ವಂಶದ ಕೊನೆಯ ಅರಸನಾದ ನಾಲ್ಕನೆಯ ಇಂದ್ರನು 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನ ವ್ರತದಿಂದ ದೇಹವಿಟ್ಟನು. ರಾಷ್ಟ್ರಕೂಟರ ನೆಂಟನಾಗಿದ್ದ ಗಂಗ ಮಾರಸಿಂಹನು ರಾಜ್ಯವನ್ನು ಬಿಟ್ಟು, ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಮಾಧಿಮರಣವನ್ನು ಪಡೆದನು. ಇವರ ಪಾಲಿಗೆ ನಿವೃತ್ತಿ ಎಂದರೆ ವೃತ್ತಿಯಿಂದ ಮಾತ್ರವಲ್ಲ, ವೃತ್ತಿಯ ಫಲದಿಂದಲೂ ಹಿಂದೆ ಸರಿಯುವುದು.

ಆದರೆ ಇಲ್ಲಿಯೇ ಒಂದು ಎಚ್ಚರ ಬೇಕು. ಮಾರಸಿಂಹನು ಮಾಡಿದ್ದನ್ನು ಎಲ್ಲ ಮಾಜಿ ಅಧಿಕಾರಿಗಳೂ ಮಾಡಬೇಕೆಂದು ವಿಧಿಸುವುದು ಧರ್ಮವಲ್ಲ. ಮಹಾವ್ರತ ಮುನಿಗಳದು, ಅಣುವ್ರತ ಗೃಹಸ್ಥರದು. ಅಪರಿಗ್ರಹವನ್ನು ಮುನಿಗೆ ಪೂರ್ಣವಾಗಿ ಹೇಳಿದ ಆಚಾರ್ಯರು ಶ್ರಾವಕನಿಗೆ ಪರಿಗ್ರಹದ ಪರಿಮಾಣವನ್ನು ಹೇಳಿದರು. ಸಮಂತಭದ್ರಾಚಾರ್ಯರು ಅದಕ್ಕೆ ಇಚ್ಛಾಪರಿಮಾಣವೆಂಬ ಹೆಸರನ್ನೂ ಕೊಟ್ಟರು. ಆದುದರಿಂದ ಪ್ರಜಾಪ್ರಭುತ್ವದ ಮಾಜಿ ರಾಷ್ಟ್ರಪತಿಯನ್ನು ಅಳೆಯಬೇಕಾದದ್ದು ಮುನಿಯ ಅಳತೆಗೋಲಿನಿಂದಲ್ಲ. ಅವರಿಗೆ ಏನೂ ಬೇಡವೇ ಎಂಬುದು ಪ್ರಶ್ನೆಯಲ್ಲ. ಎಷ್ಟು ಸಾಕು, ಯಾರು ಅದನ್ನು ನಿರ್ಧರಿಸಬೇಕು ಎಂಬುದೇ ಪ್ರಶ್ನೆ.

ನಿಜಾಮರ ರಾಜಧನ

ಅದೇ ಮಾನ್ಯಖೇಟದ ನೆಲ ಸಾವಿರ ವರ್ಷಗಳ ನಂತರ ಇನ್ನೊಬ್ಬ ದೊರೆಯ ನಿವೃತ್ತಿಯನ್ನು ಕಂಡಿತು. ಗುಲ್ಬರ್ಗಾ ಜಿಲ್ಲೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. 1948ರ ಸೆಪ್ಟೆಂಬರ್ 17ರಂದು ನಿಜಾಮ್ ಮೀರ್ ಉಸ್ಮಾನ್ ಅಲಿ ಖಾನರು ಭಾರತದ ಸೇನೆಗೆ ಶರಣಾದರು. 1950ರ ಜನವರಿ 26ರಂದು ಅವರೇ ರಾಜಪ್ರಮುಖರಾದರು. 1956ರ ಅಕ್ಟೋಬರ್ 31ರವರೆಗೆ, ಅಂದರೆ ನಮ್ಮ ಜಿಲ್ಲೆ ಮೈಸೂರು ರಾಜ್ಯವನ್ನು ಸೇರುವ ಮುನ್ನಾದಿನದವರೆಗೆ, ಆ ಪದವಿಯಲ್ಲಿದ್ದರು. ಅವರಿಗೆ ಗೊತ್ತುಪಡಿಸಿದ ರಾಜಧನ ವರ್ಷಕ್ಕೆ ಹಾಲಿ ಸಿಕ್ಕಾ ನಾಣ್ಯದಲ್ಲಿ 50 ಲಕ್ಷ. ಭಾರತದ ರೂಪಾಯಿಯಲ್ಲಿ ಸುಮಾರು 43 ಲಕ್ಷ. ಸರ್ಫ್-ಎ-ಖಾಸ್ ಎಂಬ ಅವರ ಖಾಸಾ ಭೂಮಿಗಳು ಸರಕಾರದಲ್ಲಿ ವಿಲೀನವಾದುದಕ್ಕೆ ಪ್ರತ್ಯೇಕ ಪರಿಹಾರವೂ ಇತ್ತು. ಮೈಸೂರಿನ ಮಹಾರಾಜರಿಗೆ 26 ಲಕ್ಷ. ಸಂವಿಧಾನದ 291ನೆಯ ವಿಧಿಯು ಈ ಹಣವನ್ನು ಆದಾಯ ತೆರಿಗೆಯಿಂದ ಹೊರಗಿಟ್ಟಿತ್ತು.

1937ರಲ್ಲಿ ಅಮೆರಿಕದ ಟೈಮ್ ಪತ್ರಿಕೆ ಯಾರನ್ನು ಲೋಕದ ಅತಿ ದೊಡ್ಡ ಧನಿಕನೆಂದು ತನ್ನ ಮುಖಪುಟದಲ್ಲಿ ತೋರಿಸಿತ್ತೋ, ಅವರಿಗೇ ಕಂದಾಯ ಕಟ್ಟುವ ರೈತನ ದೇಶ ವರ್ಷಾಶನ ಕೊಡಬೇಕಾಯಿತು. ನಿಜಾಮರು ಉಡುತ್ತಿದ್ದ ಬಟ್ಟೆ ಬಹು ಸಾಧಾರಣವಾದುದೆಂದು ಅವರನ್ನು ಕಂಡವರೆಲ್ಲ ಬರೆದಿದ್ದಾರೆ. ಉಮಾಸ್ವಾಮಿ ಆಚಾರ್ಯರು ಪರಿಗ್ರಹವನ್ನು ವಸ್ತುವಿನಲ್ಲಿ ಹೇಳದೆ ಮೂರ್ಛೆಯಲ್ಲಿ, ಅಂದರೆ ಮಮತ್ವದಲ್ಲಿ ಹೇಳಿದ್ದು ಏಕೆಂಬುದು ಇಲ್ಲಿ ಅರ್ಥವಾಗುತ್ತದೆ. ಸರಳ ಉಡುಗೆಯೊಂದೇ ಅಪರಿಗ್ರಹವಲ್ಲ, ಬೆಲೆಬಾಳುವ ಉಡುಗೆಯೊಂದೇ ಪರಿಗ್ರಹವೂ ಅಲ್ಲ.

ಹಾಗಾದರೆ ರಾಜಧನ ಅನ್ಯಾಯವಾಗಿತ್ತೆ? ಆತುರದ ತೀರ್ಪು ಬೇಡ. ಸರ್ದಾರ್ ಪಟೇಲರು 1949ರಲ್ಲಿ ಸಂವಿಧಾನ ಸಭೆಯ ಮುಂದಿಟ್ಟ ವಾದ ಹೀಗಿತ್ತು: ಅರಸರು ತಮ್ಮ ರಾಜ್ಯಗಳನ್ನೂ ಅಧಿಕಾರವನ್ನೂ ಒಪ್ಪಿಸಿದ್ದಾರೆ, ರಕ್ತಪಾತವಿಲ್ಲದೆ ದೇಶ ಒಂದಾಗಿದೆ, ಅದಕ್ಕೆ ಹೋಲಿಸಿದರೆ ಈ ಬೆಲೆ ಚಿಕ್ಕದು, ಕೊಟ್ಟ ಮಾತನ್ನು ನಾವು ನಡೆಸಬೇಕು. ಅಹಿಂಸಾವಾದಿಗಳಾದ ನಾವು ಈ ವಾದವನ್ನು ಹಗುರವಾಗಿ ಕಾಣಲಾರೆವು. ಹಣಕೊಟ್ಟು ಯುದ್ಧವನ್ನು ತಪ್ಪಿಸುವುದು ಸಾಧ್ಯವಾದರೆ ಆ ಹಣ ಅಭಯದಾನದ ಒಂದು ರೂಪವೇ ಆಗುತ್ತದೆ. ಹೈದರಾಬಾದಿನ ಸಂಗತಿ ಮಾತ್ರ ಬೇರೆ. ಇಲ್ಲಿ ರಕ್ತ ಹರಿಯಿತು. ರಜಾಕಾರರ ಕಾಲದ ನೋವನ್ನೂ ಅನಂತರದ ದಿನಗಳ ನೋವನ್ನೂ ಈ ಸೀಮೆಯ ಹಳ್ಳಿಗಳು ಉಂಡಿವೆ. ಆದರೂ ರಾಜಧನವನ್ನು ಎಲ್ಲರಿಗಿಂತ ಹೆಚ್ಚಾಗಿ ಪಡೆದವರು ನಿಜಾಮರೇ. ಅಂದರೆ ಅದು ಸದ್ವರ್ತನೆಗೆ ಕೊಟ್ಟ ಪುರಸ್ಕಾರವಾಗಿರಲಿಲ್ಲ, ಸಂಸ್ಥಾನದ ಗಾತ್ರಕ್ಕೆ ಕೊಟ್ಟ ಬೆಲೆಯಾಗಿತ್ತು.

1967ರ ಫೆಬ್ರವರಿ 24ರಂದು ನಿಜಾಮರು ತೀರಿಕೊಂಡರು. ಅವರ ಮೊಮ್ಮಗನಿಗೆ ಕಡಿಮೆ ಮೊತ್ತದ ರಾಜಧನ ಮುಂದುವರಿಯಿತು. ಈ ಹೊತ್ತಿಗೆ ಪ್ರಶ್ನೆ ಬದಲಾಗಿತ್ತು. ರಾಜ್ಯವನ್ನು ಬಿಟ್ಟುಕೊಟ್ಟವನಿಗೆ ಕೊಟ್ಟ ಮಾತು ಒಂದು; ಏನನ್ನೂ ಬಿಡದ ಮೊಮ್ಮಗನಿಗೆ ಅದು ಸಲ್ಲಬೇಕೆಂಬುದು ಮತ್ತೊಂದು. ರಾಜಧನವನ್ನು ನಿಲ್ಲಿಸುವ ಸಂವಿಧಾನ ತಿದ್ದುಪಡಿ 1970ರ ಸೆಪ್ಟೆಂಬರಿನಲ್ಲಿ ರಾಜ್ಯಸಭೆಯಲ್ಲಿ ಕೂದಲೆಳೆಯಷ್ಟರಲ್ಲಿ ಬಿದ್ದುಹೋಯಿತು. ಕೂಡಲೇ ರಾಷ್ಟ್ರಪತಿಗಳ ಆಜ್ಞೆಯಿಂದ ಅರಸರ ಮಾನ್ಯತೆಯನ್ನೇ ರದ್ದುಪಡಿಸಲಾಯಿತು. ಅದೇ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾಧವರಾವ್ ಸಿಂಧಿಯಾ ಪ್ರಕರಣದಲ್ಲಿ ಆ ಆಜ್ಞೆಯನ್ನು ತಳ್ಳಿಹಾಕಿತು. ಕೊನೆಗೆ 1971ರ ಡಿಸೆಂಬರಿನಲ್ಲಿ 26ನೆಯ ತಿದ್ದುಪಡಿ ಜಾರಿಗೆ ಬಂದು ರಾಜಧನ ಮುಗಿಯಿತು. ಇಡೀ ದೇಶದ ಎಲ್ಲ ಅರಸರಿಗೂ ಸೇರಿ ಆಗ ವರ್ಷಕ್ಕೆ ಸಲ್ಲುತ್ತಿದ್ದುದು ಐದು ಕೋಟಿ ರೂಪಾಯಿಗಿಂತ ಕಡಿಮೆ.

ಕೊಟ್ಟ ಮಾತು, ಕೊಟ್ಟ ದತ್ತಿ

ಇಲ್ಲಿ ಸತ್ಯವ್ರತದ ಪ್ರಶ್ನೆ ಏಳುತ್ತದೆ. ನಮ್ಮ ಸೀಮೆಯ ಬಸದಿಗಳಲ್ಲಿರುವ ದಾನಶಾಸನಗಳನ್ನು ಓದಿದವರು, ಕೊನೆಯಲ್ಲಿ ಬರುವ ಶಾಪಾಶಯವನ್ನು ಬಲ್ಲರು. ತಾನು ಕೊಟ್ಟ ದತ್ತಿಯನ್ನಾಗಲಿ ಹಿಂದಿನವರು ಕೊಟ್ಟುದನ್ನಾಗಲಿ ಕಿತ್ತುಕೊಳ್ಳುವವನು ಪಾಪಿ ಎಂಬುದು ಅದರ ತಾತ್ಪರ್ಯ. ಆ ಮಾತಿನ ಪ್ರಕಾರ ರಾಜಧನದ ರದ್ದತಿ ದತ್ತಾಪಹಾರವಲ್ಲವೆ?

ಅಲ್ಲವೆಂದೇ ನನ್ನ ವಿನಮ್ರ ಅಭಿಪ್ರಾಯ. ಶಾಸನದ ದತ್ತಿ ಒಂದು ಕಾರ್ಯಕ್ಕೆ ಕಟ್ಟಿದ್ದು. ನಿತ್ಯಪೂಜೆ, ಮುನಿಗಳ ಆಹಾರದಾನ, ಜೀರ್ಣೋದ್ಧಾರ, ಶಾಸ್ತ್ರದಾನ ಇವು ನಡೆಯುವವರೆಗೆ ದತ್ತಿ ನಡೆಯಬೇಕು. ಚಂದ್ರಾರ್ಕಸ್ಥಾಯಿಯಾಗಿರುವುದು ಕಾರ್ಯವೇ ಹೊರತು ಒಬ್ಬ ವ್ಯಕ್ತಿಯ ಭೋಗವಲ್ಲ. ಪೂಜೆ ನಿಂತ ಬಸದಿಯ ಹೊಲವನ್ನು ಪೂಜಾರಿಯ ಮೊಮ್ಮಕ್ಕಳು ತಮ್ಮದೆಂದು ಉಳುವುದಾದರೆ ಅದನ್ನು ದತ್ತಿಯ ರಕ್ಷಣೆ ಎನ್ನುವವರು ಯಾರು? ರಾಜಧನಕ್ಕೆ ಕಾರ್ಯವಿರಲಿಲ್ಲ, ಸ್ಮರಣೆ ಮಾತ್ರವಿತ್ತು. ಮಾತು ಕೊಟ್ಟ ತಲೆಮಾರಿಗೆ ಅದನ್ನು ಪೂರ್ತಿಯಾಗಿ ನಡೆಸಿ, ಮುಂದಿನವರಿಗೆ ಕ್ರಮವಾಗಿ ಇಳಿಸಿ ನಿಲ್ಲಿಸಿದ್ದರೆ ಸತ್ಯವೂ ಉಳಿಯುತ್ತಿತ್ತು, ನ್ಯಾಯವೂ ಉಳಿಯುತ್ತಿತ್ತು. ನಿಲ್ಲಿಸಿದ್ದು ತಪ್ಪಲ್ಲ, ಮೊದಲು ಆಜ್ಞೆಯೊಂದರಿಂದ ನಿಲ್ಲಿಸಹೊರಟ ರೀತಿ ತಪ್ಪು.

ಈ ವಿಚಾರದಿಂದ ನಮಗೊಂದು ಸೂತ್ರ ದೊರೆಯುತ್ತದೆ: ಪ್ರಜೆಗಳ ಹಣದಿಂದ ಕೊಡುವ ಯಾವ ದತ್ತಿಯೂ ಒಂದು ಕಾರ್ಯವನ್ನೋ ಒಂದು ನಿಜವಾದ ಅಗತ್ಯವನ್ನೋ ಆಶ್ರಯಿಸಿರಬೇಕು. ಗತಿಸಿದ ವೈಭವ ಅದಕ್ಕೆ ಸಾಕಾದ ಆಧಾರವಲ್ಲ.

ರಾಷ್ಟ್ರಪತಿಗಳ ವಿಶ್ರಾಂತಿವೇತನ

ಅರಸರು ಹೋದರು, ರಾಷ್ಟ್ರಪತಿಗಳು ಬಂದರು. ಸಂವಿಧಾನ ಜಾರಿಗೆ ಬಂದಾಗ ರಾಷ್ಟ್ರಪತಿಗಳ ಸಂಬಳ ತಿಂಗಳಿಗೆ 10,000 ರೂಪಾಯಿ. 1951ರ ಕಾಯಿದೆ ಅವರ ವಿಶ್ರಾಂತಿವೇತನವನ್ನು ವರ್ಷಕ್ಕೆ 15,000 ರೂಪಾಯಿ ಎಂದು ಗೊತ್ತುಮಾಡಿತು. ಅಂದರೆ ತಿಂಗಳಿಗೆ 1,250. ಸಂಬಳದ ಎಂಟನೆಯ ಒಂದು ಪಾಲು. ಮೊದಲ ರಾಷ್ಟ್ರಪತಿ ಬಾಬು ರಾಜೇಂದ್ರಪ್ರಸಾದರು 1962ರ ಮೇ ತಿಂಗಳಲ್ಲಿ ಪದವಿಯಿಂದ ಇಳಿದು, ಪಾಟ್ನಾದ ಸದಾಕತ್ ಆಶ್ರಮಕ್ಕೆ ಹಿಂದಿರುಗಿ, ಅಲ್ಲಿಯೇ 1963ರ ಫೆಬ್ರವರಿ 28ರಂದು ಕೊನೆಯುಸಿರೆಳೆದರು.

ಕಾಲಕ್ರಮದಲ್ಲಿ ಸಂಬಳ ಏರಿತು. 1998ರಲ್ಲಿ 50,000, 2008ರಲ್ಲಿ ಒಂದೂವರೆ ಲಕ್ಷ, 2018ರಲ್ಲಿ ಐದು ಲಕ್ಷ. ವಿಶ್ರಾಂತಿವೇತನವೂ ಸಂಬಳದ ಅರ್ಧಕ್ಕೆ ಏರಿತು. ಈಗ ಅದು ತಿಂಗಳಿಗೆ ಎರಡೂವರೆ ಲಕ್ಷ ರೂಪಾಯಿ. ಇದರ ಜೊತೆಗೆ ಬಾಡಿಗೆಯಿಲ್ಲದ ಸುಸಜ್ಜಿತ ಮನೆ, ವಾಹನ, ದೂರವಾಣಿ, ಕಾರ್ಯದರ್ಶಿ ಮತ್ತು ಸೇವಕರು, ಉಚಿತ ಚಿಕಿತ್ಸೆ, ಜೊತೆಗೊಬ್ಬರೊಂದಿಗೆ ದೇಶದೊಳಗೆ ಎಲ್ಲಿಗಾದರೂ ಉನ್ನತ ದರ್ಜೆಯ ಪ್ರಯಾಣ ಇವೆಲ್ಲ ಇವೆ. ಬೆಲೆಗಳು ಏರಿವೆ, ಆದುದರಿಂದ ಅಂಕಿಗಳ ಏರಿಕೆ ಸಹಜ. ಆದರೆ ಸಂಬಳದ ಎಂಟನೆಯ ಪಾಲಾಗಿದ್ದುದು ಅರ್ಧವಾದುದಕ್ಕೆ ಬೆಲೆಯೇರಿಕೆ ಕಾರಣವಾಗಲಾರದು. ಅಲ್ಲಿ ಬದಲಾದದ್ದು ನಮ್ಮ ಮನೋಧರ್ಮ.

ಇನ್ನೊಂದು ತಟ್ಟೆಯಲ್ಲಿ ಏನಿದೆ ನೋಡೋಣ. ನಮ್ಮ ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಬಡ ವೃದ್ಧರ ಮಾಸಾಶನ 2021ರಲ್ಲಿ 1,200 ರೂಪಾಯಿಗೆ ಏರಿತು. ಕಾರ್ಮಿಕರ ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ 2014ರಲ್ಲಿ ಗೊತ್ತಾದ ಕನಿಷ್ಠ ಮೊತ್ತ ತಿಂಗಳಿಗೆ 1,000 ರೂಪಾಯಿ. ವಾಡಿಯ ಸಿಮೆಂಟ್ ಧೂಳಿನಲ್ಲಿ, ಶಹಾಬಾದದ ಕಲ್ಲುಗಣಿ ಮತ್ತು ಪಾಲಿಶ್ ಕಾರ್ಖಾನೆಗಳಲ್ಲಿ ಜೀವ ತೇದವರು ಈ ಅಂಕಿಗಳನ್ನು ಬಲ್ಲರು. ಮಾಜಿ ರಾಷ್ಟ್ರಪತಿಯೊಬ್ಬರ ಒಂದು ತಿಂಗಳ ವೇತನದಲ್ಲಿ ಇನ್ನೂರಕ್ಕೂ ಹೆಚ್ಚು ವೃದ್ಧರ ಮಾಸಾಶನ ಅಡಗಿದೆ. ಮಾಜಿ ರಾಷ್ಟ್ರಪತಿಗಳ ಸಂಖ್ಯೆ ಬೆರಳೆಣಿಕೆಯಷ್ಟು, ಆ ಹಣವನ್ನು ಹಂಚಿದರೂ ಬಡತನ ನೀಗದು ಎಂಬುದು ನಿಜ. ಆದರೆ ನಿರ್ಮಾಲ್ಯದ ಅಕ್ಕಿ ಒಂದೇ ಹಿಡಿಯಾದರೂ ಅದನ್ನು ಮನೆಗೊಯ್ಯಬಾರದೆಂದು ನಮಗೆ ಕಲಿಸಿದವರು ಅಕ್ಕಿಯ ತೂಕವನ್ನು ನೋಡಿ ಹೇಳಿದವರಲ್ಲ.

ನಾಲ್ಕು ಪರೀಕ್ಷೆಗಳು

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದ ಕೊನೆಯಲ್ಲಿ ದಾನದ ಲಕ್ಷಣವೂ ಅದರ ತಾರತಮ್ಯವೂ ಬಂದಿವೆ. ಅನುಗ್ರಹಕ್ಕಾಗಿ ತನ್ನದನ್ನು ತ್ಯಜಿಸುವುದು ದಾನ. ವಿಧಿ, ದ್ರವ್ಯ, ದಾತೃ, ಪಾತ್ರ ಈ ನಾಲ್ಕರಿಂದ ಅದರ ಫಲದಲ್ಲಿ ವಿಶೇಷ ಉಂಟಾಗುತ್ತದೆ ಎಂಬುದು ಆಚಾರ್ಯರ ಅಭಿಪ್ರಾಯ. ಸರಕಾರದ ವೇತನ ಶಾಸ್ತ್ರೋಕ್ತ ದಾನವಲ್ಲ ನಿಜ. ಆದರೂ ಕೊಡುವ ಎಲ್ಲ ಕ್ರಿಯೆಗೂ ಈ ನಾಲ್ಕು ಒರೆಗಲ್ಲುಗಳು ಸಲ್ಲುತ್ತವೆ.

ಮೊದಲನೆಯದಾಗಿ ದಾತೃ. ಕೊಡುವವನು ತನ್ನದನ್ನು ಕೊಡಬೇಕು. ರಾಷ್ಟ್ರಪತಿಗಳ ವೇತನವನ್ನು ಗೊತ್ತುಮಾಡುವುದು ಸಂಸತ್ತು, ರಾಷ್ಟ್ರಪತಿಗಳಲ್ಲ. ಅಷ್ಟರಮಟ್ಟಿಗೆ ಅಲ್ಲಿ ಕೊಡುವವರೂ ಪಡೆಯುವವರೂ ಬೇರೆ. ಶಾಸಕರ ವಿಷಯ ಹಾಗಲ್ಲ. 2025ರ ಮಾರ್ಚ್‌ನಲ್ಲಿ ಕರ್ನಾಟಕದ ವಿಧಾನಮಂಡಲವು ಮುಖ್ಯಮಂತ್ರಿಗಳ ಸಂಬಳವನ್ನು 75,000ದಿಂದ ಒಂದೂವರೆ ಲಕ್ಷಕ್ಕೆ, ಶಾಸಕರದನ್ನು 40,000ದಿಂದ 80,000ಕ್ಕೆ, ಮಾಜಿ ಶಾಸಕರ ಪಿಂಚಣಿಯನ್ನು 50,000ದಿಂದ 75,000ಕ್ಕೆ ಏರಿಸುವ ಮಸೂದೆಗಳನ್ನು ಅಂಗೀಕರಿಸಿತು. ಇಲ್ಲಿ ದಾತೃವೂ ಪಾತ್ರವೂ ಒಬ್ಬರೇ. ಹಣ ಮಾತ್ರ ಮೂರನೆಯವರದು. ಪರರ ಹಣವನ್ನು ತಾನೇ ತನಗೆ ಕೊಟ್ಟುಕೊಳ್ಳುವುದು ಕಾಯಿದೆಯ ಪ್ರಕಾರ ಸಕ್ರಮವಾಗಬಹುದು. ಆದರೆ ಅಚೌರ್ಯ ಅಣುವ್ರತವನ್ನು ಹಿಡಿದ ಶ್ರಾವಕನ ಅಂತರಂಗವನ್ನು ಅದು ಚುಚ್ಚದೆ ಬಿಡದು.

ಎರಡನೆಯದು ವಿಧಿ, ಅಂದರೆ ಕೊಡುವ ಕ್ರಮ. ಅಮೆರಿಕದ ಸಂವಿಧಾನದ 27ನೆಯ ತಿದ್ದುಪಡಿಯನ್ನು 1789ರಲ್ಲಿಯೇ ಸೂಚಿಸಲಾಗಿತ್ತು. ಅದು ಅಂಗೀಕಾರವಾದದ್ದು 1992ರಲ್ಲಿ. ಶಾಸನಸಭೆಯವರು ತಮ್ಮ ವೇತನವನ್ನು ಏರಿಸಿಕೊಂಡರೂ ಮುಂದಿನ ಚುನಾವಣೆ ನಡೆಯುವವರೆಗೆ ಅದು ಜಾರಿಗೆ ಬರಕೂಡದೆಂಬುದು ಅದರ ಸಾರ. ಏರಿಸುವವನಿಗೆ ಅದು ದೊರೆಯುವುದೆಂಬ ಖಾತರಿ ಇರಬಾರದು ಎಂಬ ವಿವೇಕ ಇದರಲ್ಲಿದೆ. ನಮ್ಮಲ್ಲಿ ಪಂಜಾಬ್ ರಾಜ್ಯವು 2022ರಲ್ಲಿ, ಎಷ್ಟು ಸಲ ಗೆದ್ದಿದ್ದರೂ ಶಾಸಕನೊಬ್ಬನಿಗೆ ಒಂದೇ ಪಿಂಚಣಿ ಎಂಬ ಕಾಯಿದೆಯನ್ನು ಮಾಡಿತು. ಇವು ಕ್ರಮವನ್ನು ಶುದ್ಧಿಗೊಳಿಸುವ ಉಪಾಯಗಳು.

ಮೂರನೆಯದಾದ ದ್ರವ್ಯದ ವಿಚಾರಕ್ಕೆ ಆದಿಪುರಾಣದ ಒಂದು ಪ್ರಸಂಗಕ್ಕಿಂತ ಒಳ್ಳೆಯ ಉದಾಹರಣೆಯಿಲ್ಲ. ಭಗವಾನ್ ವೃಷಭದೇವರು ರಾಜ್ಯವನ್ನು ಮಕ್ಕಳಿಗೆ ಒಪ್ಪಿಸಿ ದೀಕ್ಷೆ ಪಡೆದರು. ಯೋಗ ಮುಗಿಸಿ ಆಹಾರಕ್ಕಾಗಿ ಹೊರಟಾಗ ಜನರು ಅವರನ್ನು ಗುರುತಿಸಿದ್ದು ತಮ್ಮ ಹಿಂದಿನ ದೊರೆ ಎಂದು. ಒಬ್ಬರು ಆನೆಯನ್ನು ತಂದು ನಿಲ್ಲಿಸಿದರು, ಒಬ್ಬರು ಕುದುರೆಯನ್ನು, ಒಬ್ಬರು ರತ್ನಗಳನ್ನು, ವಸ್ತ್ರಾಭರಣಗಳನ್ನು. ಕನ್ಯೆಯರನ್ನು ತಂದವರೂ ಇದ್ದರು. ಒಂದು ತುತ್ತು ಅನ್ನವನ್ನು ವಿಧಿಪೂರ್ವಕವಾಗಿ ನೀಡಬೇಕೆಂಬುದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಹೀಗೆ ತಿಂಗಳುಗಟ್ಟಲೆ ಅವರು ನಿರಾಹಾರಿಯಾಗಿ ಸಂಚರಿಸಿದರು. ಕೊನೆಗೆ ಹಸ್ತಿನಾಪುರದಲ್ಲಿ ಶ್ರೇಯಾಂಸ ಕುಮಾರನಿಗೆ ಪೂರ್ವಜನ್ಮದ ಸ್ಮರಣೆಯಾಗಿ, ಅವನು ಕಬ್ಬಿನ ರಸವನ್ನು ನೀಡಿದನು. ಅದನ್ನೇ ನಾವು ಅಕ್ಷಯ ತೃತೀಯೆಯಂದು ನೆನೆಯುತ್ತೇವೆ.

ಈ ಕಥೆಯನ್ನು ದಾನಮಹಿಮೆಯ ಕಥೆಯೆಂದು ಪ್ರತಿವರ್ಷ ಕೇಳುತ್ತೇವೆ. ಪದವಿ ಇಳಿದವರೊಡನೆ ಸಮಾಜ ಹೇಗೆ ನಡೆದುಕೊಳ್ಳುತ್ತದೆ ಎಂಬುದರ ಕಥೆಯೂ ಇದಾಗಿದೆ. ಜನರಲ್ಲಿ ಜಿಪುಣತನವಿರಲಿಲ್ಲ, ಭಕ್ತಿಯ ಕೊರತೆಯೂ ಇರಲಿಲ್ಲ. ಎದುರಿಗಿದ್ದ ವ್ಯಕ್ತಿಯನ್ನು ಕಾಣದೆ ಅವರು ಹಳೆಯ ಪದವಿಗೆ ಕಾಣಿಕೆ ಕೊಟ್ಟರು. ಆನೆ ಪದವಿಗೆ ಸಲ್ಲುವಂಥದು, ಕಬ್ಬಿನ ಹಾಲು ವ್ಯಕ್ತಿಗೆ ಸಲ್ಲುವಂಥದು. ಇಂದಿನ ಬಂಗಲೆ, ವಾಹನಗಳ ಸಾಲು, ಆಳುಕಾಳುಗಳಲ್ಲಿ ಯಾವುದು ಆನೆ, ಯಾವುದು ಕಬ್ಬಿನ ಹಾಲು ಎಂದು ವಿಂಗಡಿಸಿದರೆ ನಮ್ಮ ಪ್ರಶ್ನೆಯ ಬಹುಭಾಗ ಬಗೆಹರಿಯುತ್ತದೆ. ಚಿಕಿತ್ಸೆ, ನೆಮ್ಮದಿಯ ವಸತಿ, ಪ್ರಾಣಭಯವಿದ್ದಲ್ಲಿ ರಕ್ಷಣೆ, ಗೌರವದಿಂದ ಬಾಳುವಷ್ಟು ವೇತನ ಇವು ಎರಡನೆಯ ಗುಂಪಿನವು. ಉಳಿದದ್ದು ಆನೆ.

ನಾಲ್ಕನೆಯದು ಪಾತ್ರ. ಉತ್ತರಪ್ರದೇಶದಲ್ಲಿ ಮಾಜಿ ಮುಖ್ಯಮಂತ್ರಿಗಳಿಗೆ ಜೀವಮಾನಪೂರ್ತಿ ಸರಕಾರಿ ಬಂಗಲೆಗಳನ್ನು ಕೊಡುವ ನಿಯಮವಿತ್ತು. 2016ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ರದ್ದುಗೊಳಿಸಿತು. ರಾಜ್ಯವು ಕಾಯಿದೆಯನ್ನೇ ತಿದ್ದಿ ಬಂಗಲೆಗಳನ್ನು ಉಳಿಸಿಕೊಡಹೊರಟಾಗ, 2018ರ ಮೇ 7ರಂದು ಆ ತಿದ್ದುಪಡಿಯನ್ನೂ ಹೊಡೆದುಹಾಕಿತು. ಪದವಿಯಿಂದ ಇಳಿದವನು ಸಾಮಾನ್ಯ ಪ್ರಜೆಯೇ, ಅವನನ್ನು ಬೇರೆಯೇ ವರ್ಗವಾಗಿ ಕಾಣಲು ಆಧಾರವಿಲ್ಲ ಎಂಬುದು ತೀರ್ಪಿನ ತಾತ್ಪರ್ಯ. ಇದು ನ್ಯಾಯಶಾಸ್ತ್ರದ ಮಾತಾದರೂ ನಮಗೆ ಪರಿಚಿತವಾದುದೇ. ಚಕ್ರವರ್ತಿಯ ಜೀವವೂ ಕಲ್ಲು ಒಡೆಯುವವನ ಜೀವವೂ ಸ್ವರೂಪದಲ್ಲಿ ಒಂದೇ. ಪದವಿ ಎಂಬುದು ಕರ್ಮೋದಯದಿಂದ ಬಂದು ಹೋಗುವ ಪರ್ಯಾಯ ಮಾತ್ರ.

ಎದುರು ವಾದಗಳು

ಇಷ್ಟು ಹೇಳಿದ ಮೇಲೆ ಎದುರು ಪಕ್ಷವನ್ನೂ ಕೇಳಬೇಕು. ಅನೇಕಾಂತವಾದಿಗಳಿಗೆ ಅದು ಕರ್ತವ್ಯ. ವಿಶ್ರಾಂತಿವೇತನವೇ ಇಲ್ಲವಾದರೆ ಎರಡು ಕೇಡುಗಳುಂಟು. ಮೊದಲನೆಯದು, ಆಸ್ತಿಯುಳ್ಳವರಷ್ಟೇ ಸಾರ್ವಜನಿಕ ಜೀವನಕ್ಕೆ ಬರುತ್ತಾರೆ. ಎರಡನೆಯದು, ಆಸ್ತಿಯಿಲ್ಲದೆ ಬಂದವನು ನಾಳೆಯ ಚಿಂತೆಯಿಂದ ಇಂದೇ ಕೂಡಿಡತೊಡಗುತ್ತಾನೆ. ಆಶಾಧರ ಪಂಡಿತರು ಶ್ರಾವಕನ ಲಕ್ಷಣಗಳಲ್ಲಿ ಮೊದಲಿಗೆ ನ್ಯಾಯದಿಂದ ಗಳಿಸಿದ ಧನವನ್ನು ಹೇಳಿದರು. ನ್ಯಾಯದ ಆದಾಯದ ದಾರಿಯನ್ನು ಮುಚ್ಚಿ ನ್ಯಾಯವನ್ನು ಬಯಸುವುದು ತರವಲ್ಲ. ಹಿಂದೆ ಹೇಳಿದ ಎರಡೂವರೆ ಲಕ್ಷದಲ್ಲಿಯೂ ಈ ವಾದಕ್ಕೆ ಸಲ್ಲುವ ಒಂದು ಪಾಲು ಇದ್ದೇ ಇದೆ.

ಅಮೆರಿಕದಲ್ಲಿ 1958ರಲ್ಲಿ ಮಾಜಿ ಅಧ್ಯಕ್ಷರ ಪಿಂಚಣಿ ಕಾಯಿದೆ ಬಂದದ್ದು ಹ್ಯಾರಿ ಟ್ರೂಮನ್ನರ ಬಡತನದ ಸುದ್ದಿಯಿಂದ. ಹಣಕಾಸಿನ ದಾಖಲೆಗಳನ್ನು ನೋಡಿದ ವಿದ್ವಾಂಸರೊಬ್ಬರು 2021ರಲ್ಲಿ, ಟ್ರೂಮನ್ನರು ಆಗ ಬಡವರಾಗಿರಲೇ ಇಲ್ಲವೆಂದು ತೋರಿಸಿದರು. ನಿಜವಾದ ಅಗತ್ಯವನ್ನು ವಿಚಾರಿಸದೆ ಕನಿಕರವೊಂದರಿಂದಲೇ ನಿಯಮ ಮಾಡಿದರೆ ಏನಾಗುವುದೆಂಬುದಕ್ಕೆ ಇದು ಸಾಕ್ಷಿ. ಅಗತ್ಯದ ವಿಚಾರಣೆ ಅವಮಾನವಲ್ಲ. ಸಂಧ್ಯಾ ಸುರಕ್ಷೆಗೆ ಅರ್ಜಿ ಹಾಕುವ ಚಿತ್ತಾಪುರದ ಮುದುಕಿ ತನ್ನ ಆದಾಯದ ಪ್ರಮಾಣಪತ್ರವನ್ನು ತಹಶೀಲ ಕಚೇರಿಯಿಂದ ತಂದು ತೋರಿಸಲೇಬೇಕಾಗಿದೆ. ಅವಳಿಗೆ ಅವಮಾನವಲ್ಲದ್ದು ದೊಡ್ಡವರಿಗೇಕೆ ಅವಮಾನ?

ಮತ್ತೊಂದು ಉದಾಹರಣೆ ನಮ್ಮ ಚಿಂಚೋಳಿಯದೇ. ವೀರೇಂದ್ರ ಪಾಟೀಲರು 1968ರಿಂದ 1971ರವರೆಗೂ, ಮತ್ತೆ 1989ರಿಂದ 1990ರವರೆಗೂ ಮುಖ್ಯಮಂತ್ರಿಗಳಾಗಿದ್ದರು. ಎರಡನೆಯ ಅವಧಿಯಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಚಿಕಿತ್ಸೆಯಲ್ಲಿರುವಾಗಲೇ ಪದವಿ ಹೋಯಿತು. 1997ರಲ್ಲಿ ಅವರು ತೀರಿಕೊಂಡರು. ಅವರ ರಾಜಕೀಯವನ್ನು ಯಾರು ಹೇಗೆ ಬೇಕಾದರೂ ತೂಗಲಿ. ಹಾಸಿಗೆಯಲ್ಲಿದ್ದವರನ್ನು ಒಂದೇ ದಿನದಲ್ಲಿ ಮಾಜಿ ಮಾಡಬಹುದಾದ ವ್ಯವಸ್ಥೆಗೆ, ಆ ಮಾಜಿಯ ಔಷಧವನ್ನು ನೋಡಿಕೊಳ್ಳುವ ಹೊಣೆಯೂ ಇದೆ. ಔಷಧದಾನ ನಮ್ಮ ಚತುರ್ವಿಧ ದಾನಗಳಲ್ಲಿ ಒಂದು. ಮಾಜಿಗಳ ಸೌಲಭ್ಯಗಳನ್ನೆಲ್ಲ ಒಂದೇ ಮಾತಿನಲ್ಲಿ ಹಳಿಯುವವರು ಇದನ್ನು ಮರೆಯಬಾರದು.

ಆದುದರಿಂದ ತೀರ್ಮಾನ ಇಷ್ಟು. ಉನ್ನತ ಪದವಿಯಿಂದ ನಿವೃತ್ತರಾದವರಿಗೆ ಚಿಕಿತ್ಸೆಯೂ ರಕ್ಷಣೆಯೂ ನಿಶ್ಚಿತವಾಗಿರಲಿ. ವೇತನವಿರಲಿ, ಆದರೆ ಅದು ಬೇರೆ ಆದಾಯವಿಲ್ಲದವರಿಗೆ ಪೂರ್ತಿಯಾಗಿ, ಇದ್ದವರಿಗೆ ಕಡಿಮೆಯಾಗಿ ಸಲ್ಲಲಿ. ಒಬ್ಬರಿಗೆ ಒಂದೇ ಪಿಂಚಣಿ ಇರಲಿ. ಮೊತ್ತವನ್ನು ಪಡೆಯುವವರಲ್ಲದ ಸ್ವತಂತ್ರ ಮಂಡಲಿ ಗೊತ್ತುಮಾಡಲಿ. ದೇಶದ ಅತಿ ಬಡ ವೃದ್ಧನ ಮಾಸಾಶನ ಏರದೆ ಈ ಮೊತ್ತ ಏರಬಾರದೆಂಬ ಕಟ್ಟು ಇರಲಿ. ಕೊನೆಯದು ಮುಖ್ಯ, ಏಕೆಂದರೆ ಅದರಿಂದ ಮೇಲಿನವರ ಹಿತವೂ ಕೆಳಗಿನವರ ಹಿತವೂ ಒಂದೇ ಹಗ್ಗಕ್ಕೆ ಕಟ್ಟಿದಂತಾಗುತ್ತದೆ.

ನಮ್ಮ ಮನೆಯ ಲೆಕ್ಕ

ದೆಹಲಿ ಬೆಂಗಳೂರುಗಳನ್ನು ಕುರಿತು ಮಾತನಾಡುವುದು ಸುಲಭ. ನಮ್ಮ ಟ್ರಸ್ಟುಗಳ ಲೆಕ್ಕಪುಸ್ತಕವನ್ನು ತೆರೆಯುವುದು ಕಷ್ಟ. ಟ್ರಸ್ಟಿನ ಅಧ್ಯಕ್ಷ ಪದವಿಯೂ ಒಂದು ಚಿಕ್ಕ ರಾಜ್ಯವೇ. ಪದವಿ ಮುಗಿದ ಮೇಲೆಯೂ ಯಾತ್ರಿನಿವಾಸದ ಒಂದು ಕೊಠಡಿಯ ಬೀಗದ ಕೈ ಮಾಜಿಗಳ ಬಳಿಯೇ ಉಳಿಯುವುದು, ಸಂಸ್ಥೆಯ ವಾಹನ ಅವರ ಮನೆಯ ಮದುವೆಗೆ ಹೋಗುವುದು, ಪಂಚಕಲ್ಯಾಣದಲ್ಲಿ ಮೊದಲ ಕಲಶ ಹರಾಜಿಲ್ಲದೆ ಅವರಿಗೇ ಮೀಸಲಾಗುವುದು ಇಂಥ ಸಂಗತಿಗಳು ಎಲ್ಲಿಯೂ ಇಲ್ಲವೆಂದು ಯಾರು ಹೇಳಬಲ್ಲರು? ಇವುಗಳ ಬೆಲೆ ಕೆಲವು ಸಾವಿರವಿರಬಹುದು. ಆದರೆ ಆ ದ್ರವ್ಯ ದೇವದ್ರವ್ಯ. ದಾತೃಗಳು ಜಿನಪೂಜೆಗೆಂದು ಬಿಟ್ಟದ್ದನ್ನು ತನ್ನ ಭೋಗಕ್ಕೆ ಬಳಸುವುದನ್ನು ನಮ್ಮ ಆಚಾರ್ಯರು ಯಾವ ಮೃದುವಾದ ಹೆಸರಿನಿಂದಲೂ ಕರೆದಿಲ್ಲ.

ಅದೇ ಬಸದಿಯಲ್ಲಿ ಐವತ್ತು ವರ್ಷ ಬೆಳಗಿನ ಜಾವ ಎದ್ದು, ತಣ್ಣೀರಿನಲ್ಲಿ ಮಿಂದು, ಅಭಿಷೇಕ ಮಾಡಿದ ಉಪಾಧ್ಯೆಯರಿಗೆ ಕೈ ನಡುಗತೊಡಗಿದಾಗ ಟ್ರಸ್ಟು ಏನು ಕೊಡುತ್ತದೆ? ಒಂದು ಶಾಲು, ಒಂದು ತೆಂಗಿನಕಾಯಿ, ಒಂದು ಸನ್ಮಾನಪತ್ರ. ನಮ್ಮ ಸೀಮೆಯಲ್ಲಿ ಜೈನ ಮನೆಗಳು ಕಡಿಮೆ, ಬಸದಿಗಳ ಆದಾಯವೂ ಅಲ್ಪ ಎಂಬುದು ನಿಜ. ಆದರೆ ಐದಾರು ಊರುಗಳ ಟ್ರಸ್ಟುಗಳು ಕೂಡಿ ಒಂದು ನಿಧಿಯನ್ನು ಮಾಡಿ, ಪ್ರತಿ ಟ್ರಸ್ಟೂ ತನ್ನ ವಾರ್ಷಿಕ ಆದಾ­ಯದ ಒಂದು ಗೊತ್ತಾದ ಪಾಲನ್ನು ಅದಕ್ಕೆ ಹಾಕಿದರೆ, ಇಬ್ಬರು ಮೂವರು ವೃದ್ಧ ಉಪಾಧ್ಯೆಯರಿಗೂ ಬಸದಿಯ ಕಸಗುಡಿಸುವ ಹೆಣ್ಣುಮಗಳಿಗೂ ತಿಂಗಳಿಗಿಷ್ಟು ಎಂದು ನಿಶ್ಚಿತವಾದ ಆಸರೆ ಕೊಡಲಾಗದೆ ಇರದು. ಈ ನಿಧಿಗೆ ಪೂಜಾದತ್ತಿಯನ್ನು ಮುಟ್ಟದೆ, ಇದಕ್ಕೆಂದೇ ಹೇಳಿ ಪಡೆದ ಹೊಸ ದಾನವನ್ನು ಬಳಸಬೇಕು. ಮಾಜಿ ಅಧ್ಯಕ್ಷರೇ ಮೊದಲ ದಾನ ಬರೆಸಿದರೆ ಅದಕ್ಕಿಂತ ಶೋಭೆ ಬೇರೆಯಿಲ್ಲ.

ಜೊತೆಗೆ ಪ್ರತಿ ಟ್ರಸ್ಟೂ ತನ್ನ ನಿಯಮಾವಳಿಯಲ್ಲಿ ಒಂದು ಸಾಲನ್ನು ಸೇರಿಸಿಕೊಳ್ಳಲಿ: ಪದವಿ ಇಳಿದ ದಿನವೇ ಬೀಗದ ಕೈ, ಲೆಕ್ಕದ ಪುಸ್ತಕ, ವಾಹನ ಎಲ್ಲವನ್ನೂ ಒಪ್ಪಿಸಬೇಕು, ಆ ದಿನದಿಂದ ಅವರು ದರ್ಶನಕ್ಕೆ ಬರುವ ಇತರ ಶ್ರಾವಕರಂತೆಯೇ. ಸಂಸತ್ತಿಗೆ ಬುದ್ಧಿ ಹೇಳುವ ಅಧಿಕಾರ ನಮಗೆ ಬರುವುದು ಈ ಸಾಲನ್ನು ಬರೆದ ಮೇಲೆ.

ಮಳಖೇಡಕ್ಕೆ ಹೋದವರು ಇಂದು ಅಲ್ಲಿ ಅಮೋಘವರ್ಷನ ಅರಮನೆಯ ವೈಭವವನ್ನು ಕಾಣಲಾರರು. ಅವನ ಬೊಕ್ಕಸದಲ್ಲಿ ಎಷ್ಟಿತ್ತೆಂದು ಯಾರೂ ಕೇಳುವುದಿಲ್ಲ. ಅವನು ಬಿಟ್ಟನೆಂಬ ಮಾತನ್ನು ಮಾತ್ರ ಸಾವಿರದ ನೂರು ವರ್ಷಗಳಾದರೂ ನಾವು ಮಕ್ಕಳಿಗೆ ಹೇಳುತ್ತಿದ್ದೇವೆ. ಪದವಿ ಇಳಿದ ಮೇಲೆ ಉಳಿಯುವುದೇನು ಎಂಬ ಪ್ರಶ್ನೆಗೆ ಈ ನೆಲ ಕೊಡುವ ಉತ್ತರವಿದು. ಅದನ್ನು ಕೇಳಿಸಿಕೊಳ್ಳುವ ವಿವೇಕ ಆಳುವವರಿಗೂ, ದೇವದ್ರವ್ಯವನ್ನು ಕಾಯುವ ನಮಗೂ ಒದಗಲಿ.